ಅಡ್ಡಗೆರೆ

ಅಮ್ಮನ ಪಾದ ಬಿಸಿಯನ್ನು ಮರೆತಿದೆಯೆಂದು ಗೊತ್ತಾದದ್ದು
ಸಾರ್ಡೀನ್ ಸುಡುವಾಗ ಕೆಂಡವೊಂದು ಅವಳ ಚಪ್ಪಲಿಗೆ ಜಾರಿ,
ಅವಳು ಮಾತು ನಿಲ್ಲಿಸದೆ
ಉಪ್ಪು ಕೊಡು ಎಂದಾಗ.
ವಾಸನೆ ಬಡಿದದ್ದು ನಮಗೆ.

ಪೊವುವಾದ ಮೀನುಗಾರರ ಓಣಿಯಲ್ಲಿ
ಇದಕ್ಕೆ ಹೆಸರು ಹುಡುಕಬೇಕಾಗಿಲ್ಲ:
ಪುಟ್ಟ ಪಾದದ ಕಾಯಿಲೆ.
ಅಪ್ಪ ಬೆಲ್ಮಿರೊ, ಅವನ ತಾಯಿ, ಅವನ ಅಣ್ಣ,
ಉಬ್ಬರದ ನೀರಿನ ಹಾಗೆ ಬೆರಳಿಂದ ಮೊಣಕಾಲಿಗೆ,
ಮೊಣಕಾಲಿಂದ ಹೊಟ್ಟೆಗೆ ಮರಗಟ್ಟುತ್ತ ಹೋದವರು.
ಇಳಿತವಿಲ್ಲದ ಉಬ್ಬರ.

"ನಲವತ್ತು ವರ್ಷ ಆ ಮನೆಯ ಉಪ್ಪು ತಿಂದವಳು,
ಅವಳಿಗೂ ಬಾರದೆ ಇರುತ್ತದಾ?"
ಪಕ್ಕದ ಕಿತೇರಿಯಾ ಅಂದಳು.
ಅಮ್ಮ ತಲೆಯಾಡಿಸಿದಳು,
ತಡವಾಗಿ ಬಂದ ನೆಂಟನನ್ನು ಒಳಗೆ ಕರೆಯುವಂತೆ.

ಮೆಟ್ರೊ ಹಿಡಿದು ಪೋರ್ಟೊಗೆ ಹೋದೆವು.
ಡಾಕ್ಟರು ಚಿಕ್ಕ ವಯಸ್ಸಿನವಳು, ಪೆನ್ಸಿಲ್ ಮೊಂಡಾಗಿತ್ತು.
ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ,
ಕಾಯಿಲೆಯವರಿಗೆ ಕಪ್ಪು ತುಂಬಿದಳು.
ನನಗೆ ನಮ್ಮ ಬಲೆಯ ಗುರುತು ನೆನಪಾಯಿತು:
ಅಪ್ಪನದು ಮುರಿದ ಏಣಿಯಂಥ ಮೂರು ಗೀರು.
ದೊಡ್ಡಣ್ಣ ಅದಕ್ಕೊಂದು ಗೀರು ಸೇರಿಸಿಕೊಂಡ.
ಕಿರಿಯವನು ಫಿರ್ಮಿನೊ. ಅವನಿಗೆ ಅಪ್ಪನದೇ,
ಏನೂ ಸೇರಿಸದೆ, ಹಾಗೆ ಹಾಗೇ.

"ಇಲ್ಲಿ ನೋಡಿ" ಅಂದಳು ಡಾಕ್ಟರು,
"ಈ ಕಾಯಿಲೆ ಇಳಿಯುವುದು ನೆಟ್ಟಗೆ, ಮೇಲಿಂದ ಕೆಳಕ್ಕೆ.
ನಿಮ್ಮಮ್ಮ ಬಂದದ್ದು ಅಡ್ಡಗೆರೆಯಿಂದ.
ಮದುವೆಯ ಗೆರೆಯ ಮೇಲೆ ಇದು ನಡೆಯುವುದಿಲ್ಲ."

ಹಾಗಾದರೆ ಪಾದ?
ಹಳೆಯ ಕಡತ ತೆಗೆದಳು. ಹುಣ್ಣೆಂದು
ಇಪ್ಪತ್ತು ವರ್ಷದ ಹಿಂದೆ ಅರ್ಧ ಜಠರ ಕತ್ತರಿಸಿದ್ದರು.
ಅಂದಿನಿಂದ ಬಿ-ಹನ್ನೆರಡು ಮೈಗೆ ಹತ್ತಿಲ್ಲ,
ನರಗಳು ಹಸಿದು ಕೂತಿವೆ.
ಸೂಜಿ ಕೊಟ್ಟರೆ ಅಷ್ಟಿಷ್ಟು ಮರಳಬಹುದು.

ನಾನು ನಕ್ಕೆ. ಅಮ್ಮ ನಗಲಿಲ್ಲ.
ಉಂಗುರ ತಿರುವುತ್ತ ಕೇಳಿದಳು:
"ಅಂದರೆ, ಇದು ಅವನದ್ದಲ್ಲವಾ?"
ಅವನ ಕೋಟು ಅವಳ ಬಳಿಯಿದೆ, ಅವನ ಸಾಲವೂ ಇತ್ತು, ತೀರಿಸಿದಳು.
ನೋವೂ ಅವನದೇ ಅಂದುಕೊಂಡು
ಎಷ್ಟು ತಿಂಗಳು ಜತನ ಮಾಡಿದ್ದಳೋ.

ನಾನು ಫಿರ್ಮಿನೊನ ಮಗುವಿನ ಮಾತೆತ್ತಿದೆ.
ಹುಟ್ಟುವಾಗಲೇ ಸೊಟ್ಟಗಾಲು, ಪಟ್ಟಿ ಕಟ್ಟಿದ್ದಾರೆ.
ಅತ್ತಿಗೆ ಇನ್ನೂ ಯಾರ ಮುಖವನ್ನೂ ನೋಡುತ್ತಿಲ್ಲ.
"ಅದು ಬೇರೆ. ಹುಟ್ಟಿನೊಂದಿಗೆ ಬಂದದ್ದೆಲ್ಲ
ಹಿರಿಯರಿಂದ ಬಂದದ್ದಲ್ಲ" ಅಂದಳು.
ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡೆ,
ಅತ್ತಿಗೆಗೆ. ಕಿತೇರಿಯಾಗೂ ಒಂದು ಪ್ರತಿ.

ಆಮೇಲೆ ಪೆನ್ಸಿಲ್ ಕೆಳಗಿಳಿಯಿತು.
ಮೂರು ಗೆರೆ ಕೆಳಗೆ: ಎರಡು ಚೌಕ, ಒಂದು ವೃತ್ತ.
ಎಲ್ಲ ಬಿಳಿ.
ಒಬ್ಬೊಬ್ಬರಿಗೂ ಅರ್ಧಕ್ಕರ್ಧ, ಪ್ರತಿ ಹುಟ್ಟಿಗೂ ಹೊಸ ಆಟ,
ಬಂದರಿನಲ್ಲಿ ಹುಡುಗರು ಮುಷ್ಟಿಯಲ್ಲಿ ಕಡಲೆ ಬಿಗಿಹಿಡಿದು
ಸಮವೋ ಬೆಸವೋ ಎನ್ನುವ ಹಾಗೆ.
ಅಣ್ಣನಿಗೆ ಸಮ ಬಂತೆಂದು ನನಗೆ ಬೆಸವೇ ಬರಬೇಕೆಂದಿಲ್ಲ.
ಗುರುತು ಹಂಚಿಕೊಟ್ಟಂತೆ ಇದನ್ನು ಯಾರೂ ಹಂಚುವುದಿಲ್ಲ.
"ಈಗ ಮಾತ್ರೆ ಇದೆ. ಬೇಗ ತಿಳಿದಷ್ಟೂ ಒಳ್ಳೆಯದು, ಗ್ರಸಿಯೆತ್."

ತೋಳು ಚಾಚಿದೆ. ರಕ್ತ ತೆಗೆದರು.
ಉತ್ತರಕ್ಕೆ ಇನ್ನೂ ವಾರಗಳಿವೆ.

ರಾತ್ರಿ ಅಮ್ಮ ಹೊಲಿಗೆಯ ಸೂಜಿ ತಂದಳು.
ಮೊದಲು ತನ್ನ ಹೆಬ್ಬೆರಳಿಗೆ ಒತ್ತಿದಳು: ಏನೂ ಇಲ್ಲ.
ಒರೆಸಿ, ದೀಪಕ್ಕೆ ಹಿಡಿದು,
ನನ್ನ ಪಾದ ಮಡಿಲಿಗೆಳೆದು ಚುಚ್ಚಿದಳು.
"ಅಯ್ಯೋ!" ಅಂದೆ.
ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು.
"ಇನ್ನೊಂದು ಕಾಲು ಕೊಡು."